ಜೇಡಿಮಣ್ಣಿನ ರಸ್ತೆಗೆ ಸುಣ್ಣವೋ, ಸಿಮೆಂಟೋ, ಕ್ಯಾನಿನ ದ್ರಾವಣವೋ?

ಪ್ರಶ್ನೆ: ನಾನು ಸಣ್ಣ ಗುತ್ತಿಗೆದಾರ. ಎರಡು ಕಿಲೋಮೀಟರ್ ಉದ್ದ, ಐದೂವರೆ ಮೀಟರ್ ಅಗಲದ ಒಂದು ರಸ್ತೆ ಕೆಲಸ ಕೈಗೆ ಬಂದಿದೆ. ಇಡೀ ಜಾಗ ಜೇಡಿಮಣ್ಣು. ಒಣಗಿದಾಗ ಕೈ ತೂರುವಷ್ಟು ಬಿರುಕು, ಮಳೆ ಬಂದರೆ ಟ್ರ್ಯಾಕ್ಟರ್ ಚಕ್ರ ಹೂತುಹೋಗುತ್ತದೆ. ಲ್ಯಾಬ್ ರಿಪೋರ್ಟಿನಲ್ಲಿ ಲಿಕ್ವಿಡ್ ಲಿಮಿಟ್ (ಮಣ್ಣು ಹರಿಯುವಂತಾಗುವ ತೇವಾಂಶ) 68, ಪ್ಲಾಸ್ಟಿಸಿಟಿ ಇಂಡೆಕ್ಸ್ (ಮಣ್ಣು ಮೆತ್ತಗೆ ಅಂಟಾಗಿರುವ ತೇವಾಂಶದ ವ್ಯಾಪ್ತಿ) 38, ನೆನೆಸಿದ ಸಿಬಿಆರ್ (ಮಣ್ಣು ಭಾರ ತಾಳುವ ಬಲದ ಅಳತೆ) 2 ಎಂದಿದೆ. ಡಿಸೈನ್ ಮಾಡಿದವರು 30 ಸೆಂ.ಮೀ. ಆಳಕ್ಕೆ ಶೇ 4ರಷ್ಟು ಸುಣ್ಣ ಬೆರೆಸಲು ಹೇಳಿದ್ದಾರೆ. ನಮ್ಮ ಮೇಸ್ತ್ರಿ ಸಿಮೆಂಟೇ ಗಟ್ಟಿ ಅನ್ನುತ್ತಾರೆ. ಇದರ ಮಧ್ಯೆ ಒಬ್ಬ ಏಜೆಂಟ್ ಬಂದು, ನೀರಿನ ಟ್ಯಾಂಕರಿಗೆ ನಾಲ್ಕು ಕ್ಯಾನ್ ದ್ರಾವಣ ಸುರಿದರೆ ಸಾಕು, ಮಣ್ಣು ಕಲ್ಲಾಗುತ್ತದೆ ಎಂದು ಹೇಳಿ, ಅದನ್ನು ಬೆರೆಸಿದ ಮಣ್ಣಿನ ಒಂದು ಉಂಡೆ ಕೊಟ್ಟುಹೋದ. ಅದು ನಿಜಕ್ಕೂ ಕಲ್ಲಿನಂತೆ ಇದೆ. ನನ್ನ ಭಯ ಬೇರೆ. ನಮ್ಮ ಜಾಗದ ಹತ್ತಿರವೇ ಸುಣ್ಣ ಹಾಕಿ ಮಾಡಿದ ಒಂದು ರಸ್ತೆ ಒಂದು ಮಳೆಗಾಲ ಮುಗಿಯುವಷ್ಟರಲ್ಲಿ ಅಲ್ಲಲ್ಲಿ ಏರಿಯಂತೆ ಉಬ್ಬಿ ಡಾಂಬರು ಸೀಳಿಕೊಂಡಿದೆ. ಸುಣ್ಣ ಹಾಕಿದರೆ ಹೀಗೂ ಆಗುತ್ತದಾ? ನಾನು ಯಾವುದನ್ನು ಹಾಕಲಿ?

ಉತ್ತರ: ಸುಣ್ಣ ಹಾಕಿದ್ದಕ್ಕೇ ರಸ್ತೆ ಉಬ್ಬುವುದುಂಟು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ‘ಅಲ್ಲಿ ರೋಲಿಂಗ್ ಸರಿ ಮಾಡಿಲ್ಲ, ಅಷ್ಟೇ’ ಎಂದು ಯಾರಾದರೂ ನಿಮ್ಮ ಭಯವನ್ನು ತಳ್ಳಿಹಾಕಿದ್ದರೆ ಪೂರ್ತಿ ನಂಬಬೇಡಿ. ಹಾಗಂತ ಸುಣ್ಣ ಬಿಟ್ಟುಬಿಡಿ ಎಂದೂ ನಾನು ಹೇಳುತ್ತಿಲ್ಲ. ನೀವು ಕೊಟ್ಟ ಅಂಕಿಗಳನ್ನು ನೋಡಿದರೆ ನಿಮ್ಮ ಮಣ್ಣು ಸುಣ್ಣಕ್ಕೆ ಹೇಳಿ ಮಾಡಿಸಿದಂಥದ್ದು. ಆದರೆ ಆ ರಿಪೋರ್ಟಿನಲ್ಲಿ ಒಂದು ಅಂಕಿಯೇ ಇಲ್ಲ: ಮಣ್ಣಿನಲ್ಲಿ ಸಲ್ಫೇಟ್ ಎಂಬ ಗಂಧಕದ ಲವಣ ಎಷ್ಟಿದೆ? ಅದು ಗೊತ್ತಾಗುವವರೆಗೆ ಯಾವುದನ್ನು ಹಾಕಬೇಕು ಎಂದು ನಾನು ಹೇಳಿದರೂ ಅದು ಊಹೆಯೇ. ಡಿಸೈನ್ ಮಾಡಿದವರ ಶೇ 4 ಕೂಡ ಈಗ ಊಹೆಯೇ ಇರಬಹುದು. ಯಾಕೆ ಅಂತ ಒಂದೊಂದಾಗಿ ನೋಡೋಣ.

ಜೇಡಿಮಣ್ಣಿನ ಕಣ ಮರಳಿನ ಹಾಗೆ ಗುಂಡಗೆ ಇರುವುದಿಲ್ಲ. ಒಂದರ ಮೇಲೊಂದು ಪೇರಿಸಿದ ಹಾಳೆಗಳ ಕಂತೆ ಅದು. ಬಿರುಕು ಬಿಡುವ, ಉಬ್ಬುವ ಜೇಡಿಯಲ್ಲಿ ಇರುವುದು ಹೆಚ್ಚಾಗಿ ಮಾಂಟ್‌ಮೊರಿಲೊನೈಟ್ ಗುಂಪಿನ ಖನಿಜ. ಅದರ ಒಂದು ಹಾಳೆಯ ದಪ್ಪ ಸುಮಾರು 1 ನ್ಯಾನೊಮೀಟರ್. ಒಂದು ಗ್ರಾಂ ಮಾಂಟ್‌ಮೊರಿಲೊನೈಟ್‌ನ ಎಲ್ಲ ಹಾಳೆ ಬಿಡಿಸಿ ಹಾಸಿದರೆ 800 ಚದರ ಮೀಟರ್ ಹತ್ತಿರ ಬರುತ್ತದೆ. ಪಿಂಗಾಣಿಗೆ ಬಳಸುವ ಕಯೊಲಿನೈಟ್ ಜೇಡಿಯಲ್ಲಿ ಇದು ಬರೀ 10–20 ಚದರ ಮೀಟರ್. ಹಾಳೆಗಳ ಮೈಮೇಲೆ ಋಣ ವಿದ್ಯುತ್ತು ಇರುತ್ತದೆ. ಅದನ್ನು ಸರಿತೂಗಿಸಲು ಸೋಡಿಯಂನಂಥ ಅಯಾನುಗಳು ಅಂಟಿಕೊಂಡಿರುತ್ತವೆ. ಅವುಗಳ ಜೊತೆ ನೀರು ಒಳಗೆ ನುಗ್ಗುತ್ತದೆ, ಹಾಳೆಗಳು ದೂರ ಸರಿಯುತ್ತವೆ, ಮಣ್ಣು ಉಬ್ಬುತ್ತದೆ. ನೀರು ಹೋದರೆ ಮತ್ತೆ ಕುಗ್ಗಿ ಬಿರುಕು. ನಿಮ್ಮ ಟ್ರ್ಯಾಕ್ಟರ್ ಹೂತುಹೋಗುವುದಕ್ಕೂ ನೆಲದಲ್ಲಿ ಕೈ ತೂರುವುದಕ್ಕೂ ಕಾರಣ ಇದೊಂದೇ.

ಇಂಥ ಮಣ್ಣಿಗೆ ಸುಣ್ಣ ಬೆರೆಸಿದಾಗ ನಡೆಯುವುದು ಎರಡು ಕೆಲಸ. ಎರಡೂ ಬೇರೆ ಬೇರೆ ಹೊತ್ತಿಗೆ ನಡೆಯುತ್ತವೆ. ಇದನ್ನು ಬೆರೆಸಿ ಮಾತಾಡುವುದರಿಂದಲೇ ಅರ್ಧ ಗೊಂದಲ.

ಮೊದಲನೆಯದು ಗಂಟೆಗಳ ಲೆಕ್ಕದ್ದು. ಸುಣ್ಣದ ಕ್ಯಾಲ್ಸಿಯಂ ಬಂದು ಸೋಡಿಯಂ ಜಾಗ ಹಿಡಿಯುತ್ತದೆ. ಕ್ಯಾಲ್ಸಿಯಂಗೆ ವಿದ್ಯುತ್ತು ಎರಡು ಪಾಲು, ಹಾಗಾಗಿ ಹಾಳೆಗಳನ್ನು ಹತ್ತಿರ ಎಳೆದುಕೊಳ್ಳುತ್ತದೆ. ಕಣಗಳು ಗುಂಪುಗೂಡುತ್ತವೆ. ನಿನ್ನೆ ಸಲಿಕೆಗೆ ಮೆತ್ತಿಕೊಳ್ಳುತ್ತಿದ್ದ ಮಣ್ಣು ಇವತ್ತು ಬೆಳಗ್ಗೆ ಕೈಯಲ್ಲಿ ಹಿಡಿದರೆ ರವೆಯಂತೆ ಉದುರುತ್ತದೆ. ಮೊದಲ ಸಲ ನೋಡಿದವರಿಗೆ ಆಶ್ಚರ್ಯವಾಗುತ್ತದೆ. ಪ್ಲಾಸ್ಟಿಸಿಟಿ ಇಂಡೆಕ್ಸ್ ಅಷ್ಟರಲ್ಲಾಗಲೇ ಇಳಿದಿರುತ್ತದೆ. ಇಷ್ಟಕ್ಕೆ ಸಾಮಾನ್ಯವಾಗಿ ಶೇ 1ರಿಂದ 3ರಷ್ಟು ಸುಣ್ಣ ಸಾಕು.

ಎರಡನೆಯದು ವಾರಗಳು, ತಿಂಗಳುಗಳು, ಕೆಲವೊಮ್ಮೆ ವರ್ಷಗಳ ಲೆಕ್ಕದ್ದು. ಸುಣ್ಣ ಮಣ್ಣಿನ ನೀರನ್ನು ಪಿಎಚ್ 12.4ರ ತನಕ ಏರಿಸುತ್ತದೆ. ಆ ಕ್ಷಾರದಲ್ಲಿ ಜೇಡಿಯ ಒಳಗಿನ ಸಿಲಿಕಾ, ಅಲ್ಯುಮಿನಾ ನಿಧಾನವಾಗಿ ಕರಗಿ ಕ್ಯಾಲ್ಸಿಯಂ ಜೊತೆ ಸೇರಿಕೊಳ್ಳುತ್ತವೆ. ಹುಟ್ಟುವುದು ಸಿಮೆಂಟ್ ಗಟ್ಟಿಯಾದಾಗ ಹುಟ್ಟುವಂಥದ್ದೇ ಬಂಧಕ ವಸ್ತು. ಅಂದರೆ ಸುಣ್ಣ ತಾನೇ ಅಂಟಾಗಿ ಕೆಲಸ ಮಾಡುವುದಿಲ್ಲ. ಜೇಡಿಯನ್ನೇ ಕರಗಿಸಿ ಅದರಿಂದಲೇ ಅಂಟು ಮಾಡಿಸುತ್ತದೆ. ಇದಕ್ಕೇ ಬರೀ ಮರಳಿಗೆ ಸುಣ್ಣ ಬೆರೆಸಿದರೆ ಈ ಪ್ರತಿಕ್ರಿಯೆ ನಡೆಯುವುದಿಲ್ಲ. ಇದಕ್ಕೇ ಮಣ್ಣಿನಲ್ಲಿ ಕೊಳೆತ ಎಲೆ, ಬೇರು, ಸಾವಯವ ಅಂಶ ಶೇ 1–2 ದಾಟಿದರೆ ಗಟ್ಟಿಯಾಗುವುದು ಕುಂಠಿತವಾಗುತ್ತದೆ. ಸಾವಯವ ಅಂಶ ಕ್ಯಾಲ್ಸಿಯಂ ಅನ್ನು ತಾನೇ ಕಸಿದುಕೊಳ್ಳುತ್ತದೆ. ಮೇಲಿನ ಬೇರುಮಣ್ಣನ್ನು ಕೆರೆದು ತೆಗೆಯಿರಿ ಎನ್ನುವುದು ಬರೀ ಶಾಸ್ತ್ರಕ್ಕೆ ಹೇಳುವ ಮಾತಲ್ಲ.

ಈಗ ಶೇ 4ರ ವಿಷಯ. ಎಷ್ಟು ಸುಣ್ಣ ಬೇಕು ಎಂದು ತಿಳಿಯಲು ಒಂದು ಸರಳ ಪರೀಕ್ಷೆ ಇದೆ. ಈಡ್ಸ್ ಮತ್ತು ಗ್ರಿಮ್ ಎಂಬ ಇಬ್ಬರು 1966ರಲ್ಲಿ ಪ್ರಕಟಿಸಿದ್ದು. ಜರಡಿ ಹಿಡಿದ ಒಣ ಮಣ್ಣು 25 ಗ್ರಾಂನಂತೆ ಐದಾರು ಬಾಟಲಿಗೆ ಹಾಕುತ್ತಾರೆ. ಒಂದಕ್ಕೆ ಶೇ 2, ಇನ್ನೊಂದಕ್ಕೆ 3, ಮತ್ತೊಂದಕ್ಕೆ 4, ಹೀಗೆ ಸುಣ್ಣ. ತಲಾ 100 ಮಿ.ಲೀ. ಶುದ್ಧ ನೀರು. ಹತ್ತು ನಿಮಿಷಕ್ಕೊಮ್ಮೆ ಕುಲುಕುತ್ತಾ ಒಂದು ಗಂಟೆ ಬಿಟ್ಟು ಪಿಎಚ್ ನೋಡುತ್ತಾರೆ. 12.4 ಮುಟ್ಟಿದ ಬಾಟಲಿಗಳಲ್ಲಿ ಯಾವುದಕ್ಕೆ ಕಡಿಮೆ ಸುಣ್ಣ ಹಾಕಿದೆಯೋ ಅದೇ ಶುರುವಿನ ಪ್ರಮಾಣ. ಅದಕ್ಕಿಂತ ಕಡಿಮೆ ಹಾಕಿದರೆ ಮೊದಲ ಕೆಲಸಕ್ಕೇ ಸುಣ್ಣ ಖರ್ಚಾಗಿ ಎರಡನೆಯದಕ್ಕೆ ಏನೂ ಉಳಿಯುವುದಿಲ್ಲ. ಮಣ್ಣು ಉದುರಾಗುತ್ತದೆ, ಗಟ್ಟಿಯಾಗುವುದಿಲ್ಲ. ಮೊದಲ ವರ್ಷ ಚೆನ್ನಾಗಿ ಕಂಡ ರಸ್ತೆ ಆಮೇಲೆ ಮೆತ್ತಗಾಗುವುದಕ್ಕೆ ಇದೂ ಒಂದು ಕಾರಣ. ಇನ್ನು ಈ ಪರೀಕ್ಷೆ ಶುರುವಿನ ಅಂಕಿ ಮಾತ್ರ ಕೊಡುತ್ತದೆ. ಅದೇ ಪ್ರಮಾಣದಲ್ಲಿ, ಅದಕ್ಕಿಂತ ಒಂದೆರಡು ಶೇಕಡಾ ಜಾಸ್ತಿ ಪ್ರಮಾಣದಲ್ಲಿ ಅಚ್ಚು ಮಾಡಿ, ಹದವಾಗಿಸಿ, ನೀರಲ್ಲಿ ನೆನೆಸಿ, ಒತ್ತಿ ನೋಡಿಯೇ ಕೊನೆಯ ತೀರ್ಮಾನ. ‘ಜಾಸ್ತಿ ಹಾಕಿದರೆ ಜಾಸ್ತಿ ಗಟ್ಟಿ’ ಎನ್ನುವುದು ಸುಳ್ಳು. ಒಂದು ಹಂತ ದಾಟಿದ ಮೇಲೆ ಪ್ರತಿಕ್ರಿಯೆಗೆ ಸಿಗದ ಸುಣ್ಣ ಬರೀ ಮೆತ್ತನೆಯ ಪುಡಿಯಾಗಿ ಉಳಿಯುತ್ತದೆ, ಬಲ ಇಳಿಯುವುದೂ ಉಂಟು.

ಶೇ 4 ಎಂದರೆ ಯಾವ ಸುಣ್ಣದ ಶೇ 4 ಎಂದೂ ಕೇಳಿ. ಸುಟ್ಟ ಸುಣ್ಣವೋ, ಅರಳಿದ ಸುಣ್ಣವೋ? 56 ಕಿಲೋ ಸುಟ್ಟ ಸುಣ್ಣ ನೀರು ಕುಡಿದು ಅರಳಿದರೆ 74 ಕಿಲೋ ಆಗುತ್ತದೆ. ಕ್ಯಾಲ್ಸಿಯಂ ಅಷ್ಟೇ, ತೂಕ ಬೇರೆ. ಸುಟ್ಟ ಸುಣ್ಣದ ಶೇ 4ಕ್ಕೆ ಅರಳಿದ ಸುಣ್ಣ ಶೇ 5.3 ಬೇಕು. ಸುಣ್ಣದ ಶುದ್ಧತೆಯೂ ಇದೆ. ಲ್ಯಾಬಿನಲ್ಲಿ ಶೇ 90 ಶುದ್ಧ ಸುಣ್ಣದಿಂದ ಶೇ 4 ಎಂದು ಬಂದು, ನಿಮ್ಮ ಲಾರಿಯಲ್ಲಿ ಬಂದದ್ದು ಶೇ 60 ಮಾತ್ರ ಶುದ್ಧವಾಗಿದ್ದರೆ, ನೀವು ಹಾಕಬೇಕಾದದ್ದು ಶೇ 6. ಲಾರಿಯಲ್ಲಿ ಬರುವ ಸುಣ್ಣವನ್ನೇ ಲ್ಯಾಬಿಗೂ ಕೊಟ್ಟರೆ ಈ ತಲೆನೋವೇ ಇಲ್ಲ. ತಿಂಗಳುಗಟ್ಟಲೆ ತೆರೆದಿಟ್ಟ ಚೀಲದ ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಸುಣ್ಣದಕಲ್ಲಿನ ಪುಡಿಯಾಗಿರುತ್ತದೆ. ಅದು ಬಿಳಿ ಬಣ್ಣಕ್ಕೆ ಸರಿ, ಮಣ್ಣಿಗೆ ಉಪಯೋಗವಿಲ್ಲ.

ಈಗ ಉಬ್ಬಿದ ರಸ್ತೆಗೆ ಬರೋಣ. ಕೆಲವು ಜೇಡಿಮಣ್ಣಿನಲ್ಲಿ ಜಿಪ್ಸಂ ಇರುತ್ತದೆ. ಕೆಲವೊಮ್ಮೆ ಕಣ್ಣಿಗೇ ಕಾಣುತ್ತದೆ: ಮಣ್ಣು ಒಡೆದಾಗ ಬಿಸಿಲಿಗೆ ಮಿಣಮಿಣ ಹೊಳೆಯುವ ಚೂರು, ಬಿಳಿ ಎಳೆ, ಉಗುರಿನಿಂದ ಕೆರೆದರೆ ಕೆರೆಯಬಹುದಾದ ಹರಳು. ಎಷ್ಟೋ ಸಲ ಕಾಣುವುದೂ ಇಲ್ಲ. ಜಿಪ್ಸಂ ಅಂದರೆ ಕ್ಯಾಲ್ಸಿಯಂ ಸಲ್ಫೇಟ್. ಸುಣ್ಣ ಹಾಕಿ ಪಿಎಚ್ ಏರಿಸಿ ಜೇಡಿಯಿಂದ ಅಲ್ಯುಮಿನಾ ಕರಗಿಸಿದ್ದೀರಿ, ಕ್ಯಾಲ್ಸಿಯಂ ಹೇರಳವಾಗಿದೆ, ಜೊತೆಗೆ ಸಲ್ಫೇಟೂ ಸಿಕ್ಕಿತು. ಮಳೆ ನೀರು ಬಂದೊಡನೆ ಇವೆಲ್ಲ ಸೇರಿ ಎಟ್ರಿಂಗೈಟ್ ಎಂಬ ಸೂಜಿಯಂಥ ಹರಳು ಬೆಳೆಯುತ್ತದೆ. ತನ್ನ ಮೈಯೊಳಗೆ ಇಷ್ಟೊಂದು ನೀರು ತುಂಬಿಕೊಳ್ಳುವ ಹರಳು ಕಡಿಮೆ. ಆ ಸೂಜಿಗಳು ಬೆಳೆಯುತ್ತಾ, ಅಷ್ಟರಲ್ಲಿ ಗಟ್ಟಿಯಾಗಿರುವ ಪದರವನ್ನು ಒಳಗಿನಿಂದಲೇ ಎತ್ತಿ ಒಡೆಯುತ್ತವೆ. ಮಣ್ಣು ಮೊದಲಿಗಿಂತ ಕೆಟ್ಟ ಸ್ಥಿತಿಗೆ ಬರುತ್ತದೆ.

ಇದು ಪುಸ್ತಕದ ಭಯ ಅಲ್ಲ. ಅಮೆರಿಕದ ಲಾಸ್ ವೇಗಸ್‌ನಲ್ಲಿ ಸ್ಟುವರ್ಟ್ ಅವೆನ್ಯೂ ಎಂಬ ರಸ್ತೆಗೆ 1970ರ ದಶಕದಲ್ಲಿ ಸುಣ್ಣ ಬೆರೆಸಿದ ಪದರ ಹಾಕಿದ್ದರು. ಒಂದೆರಡು ವರ್ಷ ಸುಮ್ಮನಿದ್ದ ರಸ್ತೆ ಆಮೇಲೆ ಉಬ್ಬಿ ಹಾಳಾಯಿತು. ಮಣ್ಣಿನ ವಿಜ್ಞಾನದ ದೊಡ್ಡ ಹೆಸರು ಜೇಮ್ಸ್ ಮಿಚೆಲ್ 1986ರಲ್ಲಿ ಪ್ರಕಟವಾದ ತಮ್ಮ ಟೆರ್ಝಾಗಿ ಉಪನ್ಯಾಸದಲ್ಲಿ (ಮಣ್ಣಿನ ಎಂಜಿನಿಯರಿಂಗ್‌ನ ಗೌರವ ಉಪನ್ಯಾಸ) ಇದನ್ನು ಬಿಡಿಸಿ ಹೇಳಿದ ಮೇಲೆಯೇ ಎಂಜಿನಿಯರುಗಳು ಸಲ್ಫೇಟ್ ಕಡೆ ಗಂಭೀರವಾಗಿ ನೋಡಿದ್ದು. ಗಮನಿಸಿ, ಅಲ್ಲಿ ಪೂರ್ತಿ ರಸ್ತೆ ಒಂದೇ ಸಮ ಹಾಳಾಗಲಿಲ್ಲ. ಸಲ್ಫೇಟ್ ನೆಲದಲ್ಲಿ ಹಾಗೇ ಇರುತ್ತದೆ. ಒಂದು ಕಡೆ ಸೊನ್ನೆ, ಐವತ್ತು ಹೆಜ್ಜೆ ಆಚೆ ರಾಶಿ. ನೀವು ಬರೆದ ‘ಅಲ್ಲಲ್ಲಿ ಏರಿಯಂತೆ’ ಎನ್ನುವ ಮಾತು ನನ್ನನ್ನು ಹಿಡಿದು ನಿಲ್ಲಿಸಿದ್ದು ಇದಕ್ಕೇ.

ಎಷ್ಟು ಸಲ್ಫೇಟ್ ಇದ್ದರೆ ಅಪಾಯ? ಕೆಲಸದ ಲೆಕ್ಕಕ್ಕೆ ಹೀಗೆ ಇಟ್ಟುಕೊಳ್ಳಿ. ಕರಗುವ ಸಲ್ಫೇಟ್ ದಶಲಕ್ಷಕ್ಕೆ 3,000 ಭಾಗದ, ಅಂದರೆ ಶೇ 0.3ರ ಒಳಗಿದ್ದರೆ ಸಾಮಾನ್ಯ ರೀತಿಯಲ್ಲೇ ಸುಣ್ಣ ಬೆರೆಸಬಹುದು. 3,000ದಿಂದ 8,000ದ ನಡುವೆ ಇದ್ದರೆ ಮೇಲೆ ಹೋದಷ್ಟೂ ಅಪಾಯ ಹೆಚ್ಚು. ಆಗಲೂ ಮಾಡಬಹುದು, ಆದರೆ ಸುಣ್ಣ ಬೆರೆಸಿ ಧಾರಾಳ ನೀರು ಕೊಟ್ಟು ಹಲವು ದಿನ ಸಡಿಲವಾಗಿಯೇ ಬಿಡಬೇಕು. ಬೆಳೆಯುವ ಹರಳು ಬೆಳೆದು ಮುಗಿಯಲಿ, ಆಮೇಲೆ ಮತ್ತೆ ಕಲಸಿ ರೋಲರ್ ಹತ್ತಿಸಿ ಎನ್ನುವ ಉಪಾಯ. ಕಬ್ಬಿಣದ ಕುಲುಮೆಯ ಸ್ಲ್ಯಾಗ್ ಪುಡಿಯನ್ನು ಸುಣ್ಣದ ದೊಡ್ಡ ಪಾಲಿಗೆ ಬದಲಾಗಿ ಬಳಸಿದರೂ ಉಬ್ಬು ಚೆನ್ನಾಗಿ ಇಳಿಯುತ್ತದೆ. 8,000 ದಾಟಿದರೆ ನಾನು ಸುಣ್ಣಕ್ಕೆ ಕೈ ಹಾಕುವುದಿಲ್ಲ. ಇಲ್ಲಿ ಇನ್ನೊಂದು ತಪ್ಪು ತಿಳಿವಳಿಕೆ: ‘ಸುಣ್ಣ ಬೇಡ, ಸಿಮೆಂಟ್ ಹಾಕೋಣ’ ಎಂದು ಸಮಸ್ಯೆಯಿಂದ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಸಿಮೆಂಟಿನಲ್ಲೂ ಕ್ಯಾಲ್ಸಿಯಂ ಇದೆ, ಅದೂ ಪಿಎಚ್ ಏರಿಸುತ್ತದೆ. ಎಟ್ರಿಂಗೈಟ್ ಅಲ್ಲೂ ಹುಟ್ಟುತ್ತದೆ.

ಸ್ಯಾಂಪಲ್ ತೆಗೆಯುವುದರಲ್ಲಿ ಜಿಪುಣತನ ಬೇಡ. ಎರಡು ಕಿಲೋಮೀಟರಿಗೆ ಎರಡು ಗುಂಡಿ ತೋಡಿ ಕೈ ತೊಳೆದುಕೊಂಡರೆ ಸಲ್ಫೇಟಿನ ಮಟ್ಟಿಗೆ ತೋಡದ ಹಾಗೇ. ಮಣ್ಣಿನ ಬಣ್ಣ ಬದಲಾದ ಕಡೆ, ತಗ್ಗು ಇರುವ ಕಡೆ, ನೀರು ನಿಂತು ಒಣಗಿ ಬಿಳಿ ಪೊರೆ ಕಟ್ಟಿದ ಕಡೆ ಖಂಡಿತ ತೆಗೆಯಿರಿ. ಬೆರೆಸುವ 30 ಸೆಂ.ಮೀ. ಆಳದ ಪೂರ್ತಿ ಮಣ್ಣು ಬರಬೇಕು, ಮೇಲಿನ ಬೊಗಸೆ ಮಾತ್ರ ಅಲ್ಲ.

ನಿಮ್ಮ ಮೇಸ್ತ್ರಿಯ ಮಾತು ಪೂರ್ತಿ ತಪ್ಪಲ್ಲ. ಸಿಮೆಂಟ್ ತನ್ನ ಬಂಧಕವನ್ನು ತಾನೇ ಹೊತ್ತು ತರುತ್ತದೆ, ಜೇಡಿಯನ್ನು ಕಾಯುವುದಿಲ್ಲ. ಮರಳು, ಗರಸು ಮಿಶ್ರಿತ ಮಣ್ಣಿಗೆ, ಪ್ಲಾಸ್ಟಿಸಿಟಿ ಇಂಡೆಕ್ಸ್ 20ರ ಒಳಗಿನ ಮಣ್ಣಿಗೆ ಅದೇ ಒಳ್ಳೆಯದು. 38 ಇರುವ ನಿಮ್ಮ ಜೇಡಿಗೆ ನೇರ ಸಿಮೆಂಟ್ ಹಾಕಿದರೆ ಅದು ಮಣ್ಣಿನ ಹೆಂಟೆಗಳ ಹೊರಮೈಗೆ ಸವರಿಕೊಂಡು ನಿಲ್ಲುತ್ತದೆ. ಒಳಗೆ ಹಸಿ ಜೇಡಿ ಹಾಗೇ. ಹೊರಗೆ ಗಟ್ಟಿ ಸಿಪ್ಪೆ, ಒಳಗೆ ಬೆಣ್ಣೆ. ಹೊತ್ತಿನ ಲೆಕ್ಕವೂ ಬಿಗಿ. ನೀರು ಬಿದ್ದ ಮೇಲೆ ಸುಮಾರು ಎರಡು ಗಂಟೆಯೊಳಗೆ ರೋಲಿಂಗ್ ಮುಗಿಯಬೇಕು. ಮೆತ್ತುವ ಜೇಡಿಯನ್ನು ಎರಡು ಗಂಟೆಯಲ್ಲಿ ಪುಡಿ ಮಾಡಿ ಕಲಸಿ ಕೂರಿಸುವುದು ಹೇಳಿದಷ್ಟು ಸುಲಭವಲ್ಲ. ಸಿಮೆಂಟ್ ಜಾಸ್ತಿಯಾದರೆ ಕುಗ್ಗಿ ಬಿಡುವ ಬಿರುಕು ಡಾಂಬರಿನ ಮೇಲೂ ಮೂಡುತ್ತದೆ. ಅಷ್ಟು ಬಲ ನಿಜಕ್ಕೂ ಬೇಕಿದ್ದರೆ ಮೊದಲು ಸ್ವಲ್ಪ ಸುಣ್ಣ ಹಾಕಿ ಮಣ್ಣನ್ನು ಉದುರು ಮಾಡಿಕೊಂಡು, ಒಂದೆರಡು ದಿನ ಬಿಟ್ಟು ಸಿಮೆಂಟ್ ಬೆರೆಸುವ ಎರಡು ಹಂತದ ದಾರಿ ಇದೆ. ಭಾರಿ ವಾಹನ ಓಡುವ ರಸ್ತೆಗೆ ಅದು ಸರಿ. ಸಾಧಾರಣ ಓಡಾಟದ ರಸ್ತೆಗೆ ಅಷ್ಟು ಬೇಕಾಗುವುದು ಅಪರೂಪ. ಹಾರುಬೂದಿ ಬಗ್ಗೆ ನೀವು ಕೇಳಿಲ್ಲ, ಆದರೂ ಯಾರಾದರೂ ಹೇಳುತ್ತಾರೆ. ಕ್ಯಾಲ್ಸಿಯಂ ಕಡಿಮೆ ಇರುವ ಹಾರುಬೂದಿ ಒಂದೇ ಹಾಕಿದರೆ ಗಟ್ಟಿಯಾಗುವುದಿಲ್ಲ, ಜೊತೆಗೆ ಸುಣ್ಣ ಬೇಕೇ ಬೇಕು. ನಿಮ್ಮ ಮಣ್ಣಿನಲ್ಲಿ ಜೇಡಿ ಬೇಕಾದಷ್ಟಿರುವಾಗ ಅದರಿಂದ ಹೆಚ್ಚು ಲಾಭವಿಲ್ಲ.

ಇನ್ನು ಕ್ಯಾನಿನ ದ್ರಾವಣ. ಆ ಉಂಡೆ ಕಲ್ಲಿನಂತಿದೆ ಎಂದಿರಿ. ಒಣಗಿದ ಜೇಡಿ ಯಾವಾಗಲೂ ಕಲ್ಲೇ, ಅಲ್ವಾ? ನಿಮ್ಮ ಮಣ್ಣನ್ನೇ ನಾದಿ, ಏನೂ ಹಾಕದೆ, ಅದೇ ಅಳತೆಯ ಉಂಡೆ ಮಾಡಿ ಒಂದು ವಾರ ಒಣಗಿಸಿ. ಅದೂ ಕಲ್ಲಾಗುತ್ತದೆ. ಈಗ ಎರಡು ಗಾಜಿನ ಲೋಟದಲ್ಲಿ ನೀರು ತುಂಬಿ, ಒಂದರಲ್ಲಿ ಏಜೆಂಟನ ಉಂಡೆ, ಇನ್ನೊಂದರಲ್ಲಿ ನಿಮ್ಮದು ಇಡಿ. ನಿಮ್ಮದರಿಂದ ಗುಳ್ಳೆ ಏಳುತ್ತದೆ, ಅಂಚು ಉದುರುತ್ತದೆ, ಸ್ವಲ್ಪ ಹೊತ್ತಿಗೆ ತಳದಲ್ಲಿ ಕೆಸರಿನ ಗುಡ್ಡೆ. ಅವನದು ಒಂದು ದಿನವಾದರೂ ಹಾಗೇ ನಿಂತಿದ್ದರೆ ಮುಂದಿನ ಮಾತು ಆಡಬಹುದು. ಅದೂ ಕರಗಿದರೆ ಮಾತು ಅಲ್ಲಿಗೇ ಮುಗಿಯಿತು. ಆ ಉಂಡೆಯ ಮಣ್ಣು ನಿಮ್ಮ ಜಾಗದ್ದೇ ಎಂದು ಕೇಳಿದ್ದೀರಾ?

ಇಂಥ ದ್ರಾವಣಗಳಲ್ಲಿ ಹಲವು ಜಾತಿ. ಸಲ್ಫೋನೇಟ್ ಮಾಡಿದ ಎಣ್ಣೆ, ಎಂಜೈಮ್, ಪಾಲಿಮರ್. ಎಲ್ಲ ಮೋಸ ಎಂದು ನಾನು ಹೇಳುವುದಿಲ್ಲ. ಪಾಲಿಮರ್‌ಗಳು ಮಣ್ಣು ರಸ್ತೆಯಲ್ಲಿ ಧೂಳು ಅಡಗಿಸುವುದನ್ನು ನೋಡಿದ್ದೇನೆ. ಆದರೆ ಉಬ್ಬುವ ಜೇಡಿಯ ಮೇಲೆ ಇವುಗಳ ಫಲಿತಾಂಶ ಒಂದು ಮಣ್ಣಿನಲ್ಲಿ ಒಂದು ಥರ, ಇನ್ನೊಂದರಲ್ಲಿ ಇನ್ನೊಂದು ಥರ. ಲೆಕ್ಕ ಹಾಕಿದರೂ ಅನುಮಾನ ಹುಟ್ಟುತ್ತದೆ. ನಿಮ್ಮ ರಸ್ತೆ 11,000 ಚದರ ಮೀಟರ್. 30 ಸೆಂ.ಮೀ. ಆಳದ ಒಣ ಮಣ್ಣು ಚದರ ಮೀಟರಿಗೆ ಸುಮಾರು 450 ಕಿಲೋ. ಅದರ ಶೇ 4 ಎಂದರೆ 18 ಕಿಲೋ ಸುಣ್ಣ. ಇಡೀ ರಸ್ತೆಗೆ ಹತ್ತಿರ ಹತ್ತಿರ 200 ಟನ್. ಅಷ್ಟು ಕ್ಯಾಲ್ಸಿಯಂ ಮಾಡುವ ಕೆಲಸವನ್ನು ಟ್ಯಾಂಕರಿಗೆ ನಾಲ್ಕು ಕ್ಯಾನ್ ಮಾಡುತ್ತದೆ ಎಂದರೆ ಅದಕ್ಕೆ ಪುರಾವೆ ತೋರಿಸುವ ಹೊಣೆ ಮಾರುವವನದು. ಕೇಳಬೇಕಾದ್ದು ಇಷ್ಟೇ: ನನ್ನ ಮಣ್ಣು, ನಿನ್ನ ದ್ರಾವಣ ಹಾಕಿದ್ದೊಂದು, ಬರೀ ನೀರು ಹಾಕಿದ್ದೊಂದು. ಎರಡನ್ನೂ ಒಂದೇ ಸಾಂದ್ರತೆಗೆ ಕುಟ್ಟಿ, ನಾಲ್ಕು ದಿನ ನೀರಲ್ಲಿ ನೆನೆಸಿ, ಸಿಬಿಆರ್ ಮತ್ತು ಉಬ್ಬು ಎರಡನ್ನೂ ನಾನು ಆರಿಸಿದ ಲ್ಯಾಬಿನಲ್ಲಿ ಅಳೆಯೋಣ. ಬರೀ ಹಾಕಿದ ಮೇಲಿನ ಅಂಕಿ ತೋರಿಸಿದರೆ ಒಪ್ಪಬೇಡಿ. ಚೆನ್ನಾಗಿ ಕುಟ್ಟಿದರೆ ಏನೂ ಹಾಕದ ಮಣ್ಣಿನ ಅಂಕಿಯೂ ಏರುತ್ತದೆ.

ಸಲ್ಫೇಟ್ ಕಡಿಮೆ ಎಂದು ಬಂತು, ಸುಣ್ಣ ಎಂದೇ ತೀರ್ಮಾನವಾಯಿತು ಅಂದುಕೊಳ್ಳಿ. ಆಗ ರಸ್ತೆ ಉಳಿಯುವುದೂ ಕೆಡುವುದೂ ಕಲಸುವುದರಲ್ಲಿ. ನಾನು ನೋಡಿದ ಕೆಟ್ಟ ಕೆಲಸಗಳಲ್ಲಿ ಹೆಚ್ಚಿನವು ಸುಣ್ಣ ತಪ್ಪಾಗಿ ಆರಿಸಿದ್ದಕ್ಕೆ ಕೆಟ್ಟವಲ್ಲ. ಸುಣ್ಣ ಒಂದು ಕಡೆ, ಮಣ್ಣು ಒಂದು ಕಡೆ ಉಳಿದದ್ದಕ್ಕೆ ಕೆಟ್ಟವು. ಒಂದು ಕೆಲಸದ ಜಾಗಕ್ಕೆ ಹೋದಾಗ ಮೇಲ್ಮೈ ಬಹಳ ಚೆನ್ನಾಗಿ ಕಾಣುತ್ತಿತ್ತು. ಸಲಿಕೆಯಿಂದ ಒಂದು ಗುಂಡಿ ನೇರ ಗೋಡೆ ಬರುವಂತೆ ಕೊಚ್ಚಿಸಿ ಫಿನಾಲ್ಫ್ತಲೀನ್ ಸಿಂಪಡಿಸಿದೆ. ಇದು ಕಾಲೇಜು ಲ್ಯಾಬಿನಲ್ಲಿ ಎಲ್ಲರೂ ನೋಡಿರುವ ದ್ರವ, ಕ್ಷಾರ ಇದ್ದ ಕಡೆ ಕಡು ಗುಲಾಬಿಯಾಗುತ್ತದೆ. ಮೇಲಿನಿಂದ ಒಂದು ಗೇಣಿಗಿಂತ ಕಡಿಮೆ ಗುಲಾಬಿ, ಅದರಲ್ಲೂ ನಡುನಡುವೆ ಮಾಸಲು ಹೆಂಟೆ. ಅದರ ಕೆಳಗೆ ಬಣ್ಣವೇ ಇಲ್ಲ. ಕಾಗದದ ಮೇಲೆ ಪದರ 30 ಸೆಂ.ಮೀ. ಇತ್ತು. ನೇಗಿಲಿನಂಥ ಹಲ್ಲು ಹಾಕಿ ಎರಡು ಸಲ ಓಡಿಸಿ ಮುಗಿಸಿದ್ದರು. ಆಳಕ್ಕೆ ಇಳಿಯುವ ಸುತ್ತುವ ಮಿಕ್ಸರ್ ಇಲ್ಲದೆ 30 ಸೆಂ.ಮೀ. ಒಂದೇ ಸಲಕ್ಕೆ ಕಲಸುತ್ತೇವೆ ಎಂದು ಒಪ್ಪಿಕೊಳ್ಳಬೇಡಿ. ಇಲ್ಲದಿದ್ದರೆ 15ರ ಎರಡು ಪದರವಾಗಿ ಮಾಡಿ. ಆ ಸಿಂಪಡಿಸುವ ಬಾಟಲಿ ನಿಮ್ಮ ಜೀಪಿನಲ್ಲಿ ಇರಲಿ. ಸುಣ್ಣ ಎಲ್ಲಿವರೆಗೆ ಮುಟ್ಟಿದೆ ಎಂದು ಅದು ಹೇಳುತ್ತದೆ, ಎಷ್ಟಿದೆ ಎಂದು ಹೇಳುವುದಿಲ್ಲ. ಎಷ್ಟಿದೆ ಎನ್ನುವುದಕ್ಕೆ ಸುಣ್ಣ ಹರಡುವ ಮುಂಚೆ ಒಂದು ಮೀಟರ್ ಚೌಕದ ಟಾರ್ಪಾಲ್ ಹಾಸಿ, ಹರಡಿದ ಮೇಲೆ ಎತ್ತಿ ತೂಗಿ. 18 ಕಿಲೋ ಬರಬೇಕಾದ ಕಡೆ 11 ಬಂದರೆ ಅಲ್ಲೇ ಗೊತ್ತಾಗುತ್ತದೆ.

ಮೊದಲ ಸಲ ಕಲಸಿ, ನೀರು ಕೊಟ್ಟು, ಹಗುರವಾಗಿ ಒತ್ತಿ ಒಂದರಿಂದ ಮೂರು ದಿನ ಬಿಡಿ. ನಿಮ್ಮಂಥ ಜೇಡಿಗೆ ಈ ಬಿಡುವು ಬೇಕೇ ಬೇಕು. ಸುಣ್ಣ ಹೆಂಟೆಯ ಒಳಕ್ಕೆ ಇಳಿಯಲು ಅಷ್ಟು ಹೊತ್ತು ಹಿಡಿಯುತ್ತದೆ. ಸುಟ್ಟ ಸುಣ್ಣದ ಗಂಟುಗಳಿದ್ದರೆ ಅವೂ ಅಷ್ಟರಲ್ಲಿ ಅರಳಿ ಮುಗಿಯುತ್ತವೆ. ಇಲ್ಲದಿದ್ದರೆ ರೋಲಿಂಗ್ ಆದ ಮೇಲೆ ಅರಳಿ ಮೊಡವೆಯಂತೆ ಏಳುತ್ತವೆ. ಮತ್ತೆ ಕಲಸಿದಾಗ ಎಲ್ಲ ಮಣ್ಣೂ 25 ಮಿ.ಮೀ. ಜರಡಿ ದಾಟಬೇಕು, ಶೇ 60ರಷ್ಟಾದರೂ 4.75 ಮಿ.ಮೀ. ಜರಡಿ ದಾಟಬೇಕು. ಆಮೇಲೆ ರೋಲರ್.

ಇಲ್ಲಿ ನಾನೇ ಎಡವಿದ ಒಂದು ಕಥೆ ಇದೆ. ಕೆಲಸಕ್ಕೆ ಸೇರಿದ ಹೊಸದು. ಸುಣ್ಣ ಬೆರೆಸಿದ ಪದರದ ಸಾಂದ್ರತೆ ಅಳೆದರೆ ಬರಲೇ ಇಲ್ಲ. ಮತ್ತೆ ರೋಲರ್ ಓಡಿಸಿದೆ. ಬರಲಿಲ್ಲ. ನೀರು ಜಾಸ್ತಿಯಾಗಿದೆ ಎಂದುಕೊಂಡು ಒಣಗಿಸಿದೆ. ಇನ್ನೂ ಇಳಿಯಿತು. ಮೂರನೆಯ ದಿನ ಹಿರಿಯರೊಬ್ಬರು ಬಂದು, ‘ಪ್ರಾಕ್ಟರ್ ಪರೀಕ್ಷೆ ಯಾವ ಮಣ್ಣಿಗೆ ಮಾಡಿಸಿದ್ದೀಯಪ್ಪಾ?’ ಎಂದು ಕೇಳಿದರು. ಪ್ರಾಕ್ಟರ್ ಎಂದರೆ ಎಷ್ಟು ನೀರು ಹಾಕಿ ಕುಟ್ಟಿದರೆ ಮಣ್ಣಿಗೆ ಗರಿಷ್ಠ ಸಾಂದ್ರತೆ ಬರುತ್ತದೆ ಎಂದು ನೋಡುವ ಪರೀಕ್ಷೆ. ಸುಣ್ಣ ಹಾಕದ ಮಣ್ಣಿಗೆ ಮಾಡಿಸಿದ್ದೆ. ಸುಣ್ಣ ಹಾಕಿದ ಮೇಲೆ ಜೇಡಿಯ ಗರಿಷ್ಠ ಸಾಂದ್ರತೆ ಇಳಿಯುತ್ತದೆ, ಅದಕ್ಕೆ ಬೇಕಾದ ನೀರು ಏರುತ್ತದೆ. ಹಳೆ ಅಂಕಿ ಹಿಡಿದು ನಾನು ಸಿಗದ ಗುರಿಯ ಹಿಂದೆ ಓಡುತ್ತಿದ್ದೆ. ಅದಕ್ಕಿಂತ ಕೆಟ್ಟದ್ದು, ಪ್ರತಿಕ್ರಿಯೆಗೆ ಬೇಕಾದ ನೀರನ್ನೇ ಒಣಗಿಸಿದ್ದೆ. ಸುಣ್ಣ ಬೆರೆಸಿ, ಬಿಡುವು ಕೊಟ್ಟ ಮಣ್ಣಿಗೇ ಪ್ರಾಕ್ಟರ್ ಮಾಡಿಸಿ. ಅದರ ಶೇ 95 ಮುಟ್ಟಿಸಿ. ಮುಗಿದ ಮೇಲೆ ಏಳು ದಿನವಾದರೂ ತೇವ ಆರದಂತೆ ನೀರು ಚಿಮುಕಿಸುತ್ತಿರಿ, ಇಲ್ಲವೇ ಡಾಂಬರ್ ಎಮಲ್ಷನ್ ಹೊಡೆದು ಮುಚ್ಚಿ. ಚಳಿ ಹವೆಯಲ್ಲಿ ಗಟ್ಟಿಯಾಗುವುದು ಬಹಳ ನಿಧಾನ, 5 ಡಿಗ್ರಿಗಿಂತ ಕೆಳಗೆ ಬಹುಮಟ್ಟಿಗೆ ನಿಂತೇ ಹೋಗುತ್ತದೆ.

ಆಳುಗಳ ವಿಷಯ. ಸುಟ್ಟ ಸುಣ್ಣ ಒದ್ದೆ ಮಣ್ಣಿನ ನೀರು ಹೀರಿ ಬಿಸಿಯಾಗುತ್ತದೆ. ಕೆಸರಾದ ನೆಲ ಬೇಗ ಒಣಗಿಸಲು ಅದೇ ಒಳ್ಳೆಯದು. ಆದರೆ ಬೆವರಿದ ಮೈ, ಕಣ್ಣು ಕೂಡ ಒದ್ದೆಯೇ. ಗಾಳಿ ಬೀಸುವ ದಿನ ಪುಡಿ ಸುಣ್ಣ ಹರಡಬೇಡಿ. ಕನ್ನಡಕ, ಕೈಗವಸು, ಮೈ ತುಂಬ ಬಟ್ಟೆ ಇಲ್ಲದೆ ಯಾರನ್ನೂ ಹತ್ತಿರ ಬಿಡಬೇಡಿ. ಕಣ್ಣಿಗೆ ಬಿದ್ದರೆ ಉಜ್ಜದೆ, ರೆಪ್ಪೆ ಅಗಲಿಸಿ, ಶುದ್ಧ ನೀರಿನಿಂದ ಇಪ್ಪತ್ತು ನಿಮಿಷ ತೊಳೆದು ನೇರ ಆಸ್ಪತ್ರೆಗೆ. ಒಂದು ಡ್ರಮ್ ಶುದ್ಧ ನೀರು ಇದಕ್ಕೆಂದೇ ಬೇರೆ ಇಡಿ.

ಸುಣ್ಣ ಏನು ಮಾಡುವುದಿಲ್ಲ ಎಂದೂ ಹೇಳಬೇಕು. ಸಿಬಿಆರ್ 2 ಇದ್ದ ಮಣ್ಣು ಸುಣ್ಣ ಹಾಕಿದ ಮೇಲೆ ಹಲವು ಪಟ್ಟು ಏರುತ್ತದೆ, ಮೇಲಿನ ಜಲ್ಲಿ ಪದರ ತೆಳುವಾಗಿಸಬಹುದು, ಎಲ್ಲ ನಿಜ. ಆದರೆ ನೀವು ಸರಿಪಡಿಸುವುದು ಮೇಲಿನ 30 ಸೆಂ.ಮೀ. ಮಾತ್ರ. ಅದರ ಕೆಳಗೆ ಅದೇ ಜೇಡಿ ಇದೆ. ಅದಕ್ಕೆ ನೀರು ಹೋದರೆ ಅದು ಉಬ್ಬೇ ಉಬ್ಬುತ್ತದೆ. ಇಂಥ ರಸ್ತೆಗಳು ನಡುವೆ ಚೆನ್ನಾಗಿದ್ದು ಅಂಚಿನಲ್ಲಿ ಉದ್ದುದ್ದ ಸೀಳುವುದು ಇದಕ್ಕೇ. ಮಳೆಗಾಲದಲ್ಲಿ ಅಂಚಿನ ಮಣ್ಣು ನೆನೆಯುತ್ತದೆ, ಬೇಸಿಗೆಯಲ್ಲಿ ಒಣಗುತ್ತದೆ, ನಡುವಿನ ಮಣ್ಣು ಹೆಚ್ಚು ಬದಲಾಗುವುದಿಲ್ಲ. ಹಾಗಾಗಿ ಸುಣ್ಣದ ಪದರವನ್ನು ಡಾಂಬರಿನ ಅಂಚಿಗೇ ನಿಲ್ಲಿಸದೆ ಪಕ್ಕದ ಶೋಲ್ಡರ್ (ಡಾಂಬರಿನ ಆಚೆಯ ಅಂಚುಪಟ್ಟಿ) ಕೆಳಗೂ ಒಂದು ಮೀಟರ್ ಎಳೆಯಿರಿ. ಚರಂಡಿ ರಸ್ತೆಗೆ ಅಂಟಿಕೊಂಡಿರದೆ ದೂರ, ಆಳ, ಹರಿವು ಇರುವಂತೆ ಇರಲಿ. ನೀರು ನಿಲ್ಲುವ ಚರಂಡಿ ಇಲ್ಲದ ಚರಂಡಿಗಿಂತ ಕೆಟ್ಟದ್ದು. ದುಡ್ಡು ಕಡಿಮೆ ಬಿದ್ದರೆ ನಾನಾದರೆ ಡಾಂಬರಿನ ದಪ್ಪದಲ್ಲಿ ಕಡಿತ ಮಾಡುವ ಬಗ್ಗೆ ಡಿಸೈನ್ ಮಾಡಿದವರ ಜೊತೆ ಮಾತಾಡುತ್ತೇನೆ, ಚರಂಡಿಯಲ್ಲಿ ಮಾತ್ರ ಕೈ ಬಿಗಿ ಹಿಡಿಯುವುದಿಲ್ಲ.

ಸಲ್ಫೇಟ್ ಮಿತಿ ಮೀರಿ ಬಂದರೆ? ಆಗಲೂ ದಾರಿ ಇದೆ. ಎಲ್ಲ ಕಡೆ ಇಲ್ಲದೆ ಒಂದೆರಡು ತುಂಡಿನಲ್ಲಿ ಮಾತ್ರ ಇದ್ದರೆ ಅಲ್ಲಿನ ಮಣ್ಣು ತೆಗೆದು ಒಳ್ಳೆ ಗರಸು ತುಂಬಿ, ಉಳಿದ ಕಡೆ ಸುಣ್ಣ ಹಾಕಿ. ಉದ್ದಕ್ಕೂ ಇದ್ದರೆ ರಾಸಾಯನಿಕ ಪೂರ್ತಿ ಬಿಟ್ಟು, ಜೇಡಿಯ ಮೇಲೆ ಜಿಯೊಟೆಕ್ಸ್‌ಟೈಲ್ ಬಟ್ಟೆ ಹಾಸಿ ಅದರ ಮೇಲೆ ದಪ್ಪವಾಗಿ ಗರಸು ಏರಿಸುವುದು ನಿಶ್ಚಿಂತೆಯ ದಾರಿ. ಗರಸು ಎಷ್ಟು ದೂರದಿಂದ ಬರಬೇಕು ಎನ್ನುವುದರ ಮೇಲೆ ನಿಂತಿದೆ ಇದು. ಹತ್ತಿರ ಸಿಗುವುದಾದರೆ, ಸಲ್ಫೇಟ್ ಇಲ್ಲದಿದ್ದರೂ ಇದನ್ನು ಸುಣ್ಣದ ಲೆಕ್ಕದ ಪಕ್ಕದಲ್ಲಿ ಇಟ್ಟು ನೋಡಿ. ಕೆಲವು ಕಡೆ ಸುಣ್ಣವೇ ಬೇಡ ಎನ್ನುವ ಉತ್ತರ ಬರುತ್ತದೆ.

ಈ ವಾರ ಮೊದಲು ಇಷ್ಟು ಮಾಡಿ. ಆ ಉಬ್ಬಿದ ರಸ್ತೆ ನೋಡಿಕೊಳ್ಳುವವರ ಒಪ್ಪಿಗೆ ಪಡೆದು, ಒಂದು ಉಬ್ಬಿನ ಸೀಳಿನಿಂದ ಸುಣ್ಣದ ಪದರದ ಮಣ್ಣು ಒಂದು ಡಬ್ಬಿ, ಉಬ್ಬದ ಜಾಗದಿಂದ ಒಂದು ಡಬ್ಬಿ ತೆಗೆಯಿರಿ. ನಿಮ್ಮ ರಸ್ತೆಯ ಉದ್ದಕ್ಕೂ ತೆಗೆದ ಸ್ಯಾಂಪಲ್ ಜೊತೆ ಅವನ್ನೂ ಸಲ್ಫೇಟ್ ಪರೀಕ್ಷೆಗೆ ಕಳಿಸಿ. ಸಾಧ್ಯವಿದ್ದರೆ ಉಬ್ಬಿನ ಮಣ್ಣಿಗೆ ಎಕ್ಸ್-ರೇ ಡಿಫ್ರಾಕ್ಷನ್ ಮಾಡಿಸಿ ಎಟ್ರಿಂಗೈಟ್ ಇದೆಯೇ ಎಂದು ನೋಡಿಸಿ. ಫಲಿತಾಂಶ ಬರುವ ತನಕ ಸುಣ್ಣಕ್ಕೂ ಆರ್ಡರ್ ಕೊಡಬೇಡಿ, ಕ್ಯಾನಿಗೂ ಮುಂಗಡ ಕೊಡಬೇಡಿ. ಅಷ್ಟರಲ್ಲಿ ಚರಂಡಿ ತೋಡುವ ಕೆಲಸ ಶುರು ಮಾಡಬಹುದು. ಅದು ಹೇಗಿದ್ದರೂ ಬೇಕೇ.